ಅನ್ಯಾಯಕ್ಕಿಂತ ಮೊದಲು ಹುದ್ದೆ ಕೇಳುವ ಕಾನೂನು

ಠಾಣೆಯ ಬಣ್ಣ–ರಾಸಾಯನಿಕ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ನಡೆಯುತ್ತಿತ್ತು. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಅಧಿಕಾರಿಗಳು ಹೇಳದೆ ಕೇಳದೆ ಒಳಗೆ ಬಂದು ನೋಡಿದರೆ ಯಂತ್ರ ಓಡುತ್ತಿದೆ, ಕೆಲಸಗಾರರು ಮಲಗಿದ್ದಾರೆ. ಅವರನ್ನು ಎಚ್ಚರದಲ್ಲಿಡಬೇಕಾಗಿದ್ದ ಮೇಲ್ವಿಚಾರಕನೂ ನಿದ್ದೆಯಲ್ಲಿದ್ದ. ವಿಚಾರಣೆ ಮುಗಿದ ಮೇಲೆ ಕೆಲವು ಮಜದೂರರ ನೌಕರಿಯೇ ಹೋಯಿತು, ಉಳಿದವರು ಹಗುರ ಶಿಕ್ಷೆಯಲ್ಲಿ ಪಾರಾದರು. ಕಲರ್‌ಕೆಮ್ ಕಂಪನಿಯ ಈ ಪ್ರಕರಣ ಕಾರ್ಮಿಕ ನ್ಯಾಯಾಲಯದಿಂದ ಹೊರಟು ಸುಪ್ರೀಂ ಕೋರ್ಟ್ ಮುಟ್ಟಿ 1998ರಲ್ಲಿ ಇತ್ಯರ್ಥವಾಯಿತು. ಯಂತ್ರ ಓಡುವಾಗ ಮಲಗುವುದು ಸಣ್ಣ ತಪ್ಪೇನಲ್ಲ ಎಂದು ನ್ಯಾಯಾಲಯ ಒಪ್ಪಿತು. ಆದರೆ ಕೆಲಸದಿಂದ ವಜಾ ಮಾಡುವಂಥ ಶಿಕ್ಷೆ ಆ ತಪ್ಪಿಗೆ ಹೋಲಿಸಿದರೆ ಬೆಚ್ಚಿಬೀಳುವಷ್ಟು ಹೆಚ್ಚಾಯಿತು, ಅಂಥ ಶಿಕ್ಷೆಯೇ ಕಾನೂನಿನ ಕಣ್ಣಿನಲ್ಲಿ ಬಲಿಪಶು ಮಾಡುವುದಕ್ಕೆ ಸಮ ಎಂದಿತು. ಮಾಲೀಕನಿಗೆ ದ್ವೇಷವಿತ್ತೇ ಇಲ್ಲವೇ ಎಂದು ಮಜದೂರ ಸಾಬೀತು ಮಾಡಬೇಕಾಗಲಿಲ್ಲ. ಆದದ್ದನ್ನು ನೋಡಿಯೇ ತೀರ್ಮಾನಿಸಲು ಸಾಧ್ಯವಾಯಿತು.

ಇದಕ್ಕೆ ಆಧಾರವಾದದ್ದು ಮಹಾರಾಷ್ಟ್ರದ್ದೇ ಆದ ಒಂದು ಕಾಯ್ದೆ. ಕಾರ್ಮಿಕ ಸಂಘಗಳ ಮಾನ್ಯತೆ ಮತ್ತು ಅನುಚಿತ ಕಾರ್ಮಿಕ ಪದ್ಧತಿಗಳ ತಡೆ ಕಾಯ್ದೆ, 1971 ಎಂಬುದು ಅದರ ಉದ್ದ ಹೆಸರು. ಜಾರಿಗೆ ಬಂದದ್ದು 1975ರಲ್ಲಿ. ಅದರ ನಾಲ್ಕನೇ ಪರಿಶಿಷ್ಟದಲ್ಲಿ ಮಾಲೀಕರು ಮಾಡಬಾರದ ಕೆಲಸಗಳ ಪಟ್ಟಿಯಿದೆ. ಬಲಿಪಶು ಮಾಡಿ ವಜಾ ಮಾಡುವುದು ಮೊದಲ ಕಲಮು. ಐದನೆಯದು ಅದಕ್ಕಿಂತ ಸೂಕ್ಷ್ಮ: ಅರ್ಹತೆಯನ್ನು ಲೆಕ್ಕಿಸದೆ ಒಂದು ಗುಂಪಿನ ಕೆಲಸಗಾರರಿಗೆ ಪಕ್ಷಪಾತ ತೋರುವುದು. ಆರನೆಯದು, ಕಾಯಂ ನೌಕರರ ಸವಲತ್ತು ತಪ್ಪಿಸಬೇಕೆಂದೇ ಜನರನ್ನು ವರ್ಷಗಟ್ಟಲೆ ಬದಲಿ, ಹಂಗಾಮಿ, ದಿನಗೂಲಿ ಎಂದು ಇಟ್ಟುಕೊಳ್ಳುವುದು. ಇಂಥದ್ದು ನಡೆದಾಗ ಕೆಲಸಗಾರ ಬಹುಮಟ್ಟಿಗೆ ಯೂನಿಯನ್ನಿನ ಬೆಂಬಲವಿಲ್ಲದೆಯೂ, ಸರ್ಕಾರದ ಅಪ್ಪಣೆಗೆ ಕಾಯದೆಯೂ ನೇರವಾಗಿ ದೂರು ಕೊಡಬಹುದು. ವಜಾ ವಿಷಯ ಕಾರ್ಮಿಕ ನ್ಯಾಯಾಲಯಕ್ಕೆ, ಉಳಿದದ್ದು ಕೈಗಾರಿಕಾ ನ್ಯಾಯಾಲಯಕ್ಕೆ. ಮುಖ್ಯ ತೀರ್ಪು ಬರುವ ಮೊದಲೇ ಮಧ್ಯಂತರ ಆದೇಶ ಕೊಡುವ ಅಧಿಕಾರವೂ ಆ ನ್ಯಾಯಾಲಯಗಳಿಗಿದೆ.

ಕರ್ನಾಟಕದ ಓದುಗರಿಗೆ ಇದರ ಬೆಲೆ ಹೋಲಿಕೆಯಿಂದ ತಿಳಿದೀತು. ಕೈಗಾರಿಕಾ ವಿವಾದ ಕಾಯ್ದೆಗೆ 1988ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಕೆಲಸ ಕಳೆದುಕೊಂಡ ವ್ಯಕ್ತಿಗೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆಯಿತು. ದೇಶದ ಎಷ್ಟೋ ರಾಜ್ಯಗಳಲ್ಲಿ ಅದೂ ಇರಲಿಲ್ಲ, ಆ ಮಟ್ಟಿಗೆ ಕರ್ನಾಟಕವನ್ನು ಮೆಚ್ಚಬೇಕು. ಆದರೆ ಆ ಬಾಗಿಲು ತೆರೆಯುತ್ತಿದ್ದುದು ಕೆಲಸ ಹೋದ ಮೇಲೆ. ತಾರತಮ್ಯ ನಡೆಯುವುದು ಬಹುಮಟ್ಟಿಗೆ ಕೆಲಸ ಇರುವಾಗ. ರಾತ್ರಿ ಪಾಳಿ ಸದಾ ಅದೇ ನಾಲ್ಕು ಜನರ ಪಾಲಿಗೆ ಬರುವುದು, ಬಡ್ತಿಯ ಪಟ್ಟಿಯಿಂದ ಹೆಸರು ಜಾರುವುದು, ಹೆರಿಗೆ ರಜೆ ಮುಗಿಸಿ ಬಂದವಳ ಕುರ್ಚಿಯಲ್ಲಿ ಬೇರೊಬ್ಬರು ಕೂತಿರುವುದು, ದೂರು ಹೇಳಿದವನಿಗೆ ಮರುವಾರವೇ ವರ್ಗಾವಣೆ. ಇವುಗಳಲ್ಲಿ ಯಾವುದಕ್ಕೂ ವಜಾ ಆದೇಶ ಬೇಕಿಲ್ಲ. ಕೆಲಸದಲ್ಲಿ ಇದ್ದುಕೊಂಡೇ ಪ್ರಶ್ನಿಸುವ ಹಕ್ಕನ್ನು ಸಾಮಾನ್ಯ ಕೆಲಸಗಾರನಿಗೆ ಕೊಟ್ಟದ್ದು ಮಹಾರಾಷ್ಟ್ರದ ಹೆಚ್ಚುಗಾರಿಕೆ. ಅಷ್ಟು ಮುಂದೆ ಯೋಚಿಸಿದ ಕಾನೂನು ಇಂದು ನವಿ ಮುಂಬಯಿಯ ಮಹಾಪೆಯಲ್ಲಿ ದುಡಿಯುವ ಬಹಳ ಜನರಿಗೆ ಕೈಗೆ ಸಿಗದಂತಾಗಿದೆ ಎಂಬುದೇ ಈ ಲೇಖನದ ತಕರಾರು. ಹಕ್ಕು ಇಲ್ಲವೆಂದಲ್ಲ, ಹಕ್ಕಿನ ಬಾಗಿಲಲ್ಲಿ ‘ನೀನು ಯಾರು’ ಎಂಬ ಪ್ರಶ್ನೆ ‘ನಿನಗೇನಾಯಿತು’ ಎಂಬುದಕ್ಕಿಂತ ಮೊದಲು ನಿಂತಿದೆ.

ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಹಬ್ಬಿರುವ ಎಂಐಡಿಸಿಯ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ) ಟಿಟಿಸಿ ಕೈಗಾರಿಕಾ ವಲಯ ಶುರುವಾದದ್ದು ರಾಸಾಯನಿಕ, ಔಷಧ, ಎಂಜಿನಿಯರಿಂಗ್ ಕಾರ್ಖಾನೆಗಳಿಂದ. ಆ ಕಾಲದ ದುಡಿಮೆಗಾರ ಹಾಜರಿ ಪುಸ್ತಕದಲ್ಲಿ ಹೆಸರಿದ್ದ, ಯೂನಿಯನ್ನಿಗೆ ವರ್ಗಣಿ ಕೊಡುತ್ತಿದ್ದ ಕಾಯಂ ಕೆಲಸಗಾರ. ಮಂಗಳೂರು ಕಡೆಯಿಂದ ಬಂದ ಪ್ಲಾಸಿಡ್ ಡಿ’ಮೆಲ್ಲೊ, ಜಾರ್ಜ್ ಫರ್ನಾಂಡಿಸ್ ಬಂದರು, ನಗರಪಾಲಿಕೆ, ಟ್ಯಾಕ್ಸಿ ಕಾರ್ಮಿಕರನ್ನು ಕಟ್ಟಿದ ಮುಂಬಯಿಯಲ್ಲಿ ಅಂಥವನ ಮುಖ ಕಣ್ಣಮುಂದಿಟ್ಟುಕೊಂಡೇ 1971ರ ಕಾಯ್ದೆ ಬರೆದದ್ದು. ಈಗ ಮಹಾಪೆಯಲ್ಲಿ ಮಿಲೇನಿಯಂ ಬಿಸಿನೆಸ್ ಪಾರ್ಕ್ ಇದೆ, ಆಚೀಚೆ ಐರೋಳಿ, ಘಣಸೋಳಿಯವರೆಗೆ ಗಾಜಿನ ಕಟ್ಟಡಗಳಿವೆ. ಕಲ್ಯಾಣ, ಡೊಂಬಿವಲಿಯಿಂದ ಶೀಳ್‌ಫಾಟಾ ದಾಟಿ ಬರುವ ಬಸ್ಸು, ರಿಕ್ಷಾಗಳಲ್ಲಿ ಒಬ್ಬಾಕೆ ಕಾಲ್ ಸೆಂಟರಿನ ಟೀಮ್ ಲೀಡರ್, ಇನ್ನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಮತ್ತೊಬ್ಬ ಅದೇ ಕಟ್ಟಡದ ಹೌಸ್‌ಕೀಪಿಂಗ್ ಕೆಲಸದವ, ಅವನ ಸಂಬಳ ಬರುವುದು ಠೇಕೇದಾರನ ಕೈಯಿಂದ. ಒಂದೇ ಕಟ್ಟಡದಲ್ಲಿ ಪಕ್ಷಪಾತ ಮೂವರಿಗೂ ಆಗಬಹುದು. ಆದರೆ ಐದನೇ ಕಲಮಿನ ಮುಂದೆ ಈ ಮೂವರ ಕಥೆ ಮೂರು ತೆರ.

ತಾರತಮ್ಯದ ವಿರುದ್ಧ ಸಂವಿಧಾನವೇ ಇದೆಯಲ್ಲ ಎಂದು ಕೇಳುವವರಿದ್ದಾರೆ. 14, 15, 16ನೇ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯ ಲಿಂಗ ತಾರತಮ್ಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿಂದ ಸರ್ಕಾರಕ್ಕೆ ಛೀಮಾರಿ ಹಾಕಿಸಿದರು. ಖಾಸಗಿ ಕಂಪನಿಯ ಮೇಲೆ ಆ ಅಸ್ತ್ರ ನೇರವಾಗಿ ಹೂಡಲಾಗದು. ಅಲ್ಲಿ ಸಂಸತ್ತು ಬಿಡಿಬಿಡಿಯಾಗಿ ತೇಪೆ ಹಚ್ಚುತ್ತ ಬಂದಿದೆ. ಹೆಂಗಸರ ಸಂಬಳಕ್ಕೆ 1976ರ ಸಮಾನ ವೇತನ ಕಾಯ್ದೆ, ಹೆರಿಗೆಗೆ 1961ರದ್ದು 2025ರವರೆಗೆ ಇದ್ದವು; ಲೈಂಗಿಕ ಕಿರುಕುಳಕ್ಕೆ 2013ರದ್ದು, ಅಂಗವಿಕಲರಿಗೆ 2016ರದ್ದು, ಎಚ್‌ಐವಿ ಸೋಂಕಿತರಿಗೆ 2017ರದ್ದು, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರದ್ದು. ತೇಪೆ ಬಿದ್ದ ಜಾಗದಲ್ಲಿ ಬಟ್ಟೆ ಗಟ್ಟಿಯಾಗಿಯೇ ಇದೆ. ಮುಂಬಯಿಯ ಮ್ಯಾಕಿನ್ನನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೋ ಆಗಿದ್ದ ಆಡ್ರಿ ಡಿ’ಕೋಸ್ಟ ಗಂಡಸರಾದ ಸ್ಟೆನೋಗಳಿಗಿಂತ ತಮಗೆ ಕಡಿಮೆ ಸಂಬಳ ಕೊಟ್ಟರೆಂದು ದೂರಿದರು. ಅವರದು ‘ಗೋಪ್ಯ’ ಕೆಲಸ, ಅದೇ ಬೇರೆ ವರ್ಗ, ಯೂನಿಯನ್ ಜತೆ ಒಪ್ಪಂದವೂ ಆಗಿದೆ, ಮೇಲಾಗಿ ಕಂಪನಿಯ ಬಳಿ ಹಣವಿಲ್ಲ ಎಂದೆಲ್ಲ ಕಂಪನಿ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಒಂದನ್ನೂ ಒಪ್ಪಲಿಲ್ಲ. ಹೆಸರು ಯಾವುದೇ ಇಡಿ, ಕೆಲಸ ಒಂದೇ ಆದರೆ ಸಂಬಳವೂ ಒಂದೇ.

ಆದರೆ ತೇಪೆಗಳ ನಡುವಿನ ಜಾಗ ದೊಡ್ಡದು. ಖಾಸಗಿ ಕಚೇರಿಯಲ್ಲಿ ಮಾತೃಭಾಷೆಯ ಕಾರಣಕ್ಕೆ, ಊರಿನ ಕಾರಣಕ್ಕೆ, ಧರ್ಮದ ಕಾರಣಕ್ಕೆ, ವಯಸ್ಸಿನ ಕಾರಣಕ್ಕೆ ಬಡ್ತಿ ತಪ್ಪಿಸಿದರೆ ಹೆಸರು ಹಿಡಿದು ಅದನ್ನು ನಿಷೇಧಿಸುವ ಉದ್ಯೋಗ ಕಾನೂನು ಇಲ್ಲ. ಜಾತಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ, ಅದು ಅಪರಾಧ ಕಾನೂನು. ಬೈದದ್ದಕ್ಕೆ, ಬಹಿಷ್ಕರಿಸಿದ್ದಕ್ಕೆ ಶಿಕ್ಷೆಯಾದೀತು, ಕೈತಪ್ಪಿದ ಇನ್‌ಕ್ರಿಮೆಂಟನ್ನು ಅದು ತಂದುಕೊಡುವುದಿಲ್ಲ. ಭಾಷೆಯ ಮಾತು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಸಿಟ್ಟು ತಿರುಗಿದ್ದೇ ದಕ್ಷಿಣದವರ ಮೇಲೆ. ಹಾಗೆಂದು ಕನ್ನಡಿಗರು ಈ ವಿಷಯದಲ್ಲಿ ಕೈತೊಳೆದು ಕೂರುವಂತಿಲ್ಲ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಯನ್ನು ಕರ್ನಾಟಕ ಸಂಪುಟ 2024ರ ಜುಲೈನಲ್ಲಿ ಒಪ್ಪಿ, ಗದ್ದಲವಾದ ಮೇಲೆ ತಡೆಹಿಡಿಯಿತು. ಹರಿಯಾಣದ ಅಂಥದೇ ಶೇ 75ರ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ರದ್ದುಮಾಡಿದೆ. ಈ ಗದ್ದಲದಲ್ಲಿ ಐದನೇ ಕಲಮು ಎಷ್ಟು ಬೆಲೆಯುಳ್ಳದ್ದೆಂಬುದು ಎದ್ದು ಕಾಣುತ್ತದೆ. ಅದು ಪಕ್ಷಪಾತದ ಕಾರಣವನ್ನು ಪಟ್ಟಿ ಮಾಡುವುದಿಲ್ಲ. ಭಾಷೆಯೋ ಜಾತಿಯೋ ಸಾಹೇಬರ ಊರಿನವರೆಂಬ ಸಲಿಗೆಯೋ, ಅರ್ಹತೆ ಬಿಟ್ಟು ಬೇರೇನೋ ಕೆಲಸ ಮಾಡಿದೆ ಎಂದು ತೋರಿಸಿದರೆ ಸಾಕು.

ಇನ್ನು ಬಾಗಿಲಿನ ಮಾತು. 1971ರ ಕಾಯ್ದೆಯ ‘ನೌಕರ’ ಎಂದರೆ ಕೈಗಾರಿಕಾ ವಿವಾದ ಕಾಯ್ದೆಯ ‘ಕೆಲಸಗಾರ’. ಆಡಳಿತಾಧಿಕಾರದ ಹುದ್ದೆಯವರು ಅದರ ಹೊರಗೆ, ನಿಗದಿತ ಮೊತ್ತಕ್ಕಿಂತ ಹೆಚ್ಚು ಸಂಬಳದ ಮೇಲ್ವಿಚಾರಕರೂ ಹೊರಗೆ. ಆ ಮೊತ್ತ ಮೊದಲು ತಿಂಗಳಿಗೆ ₹10,000 ಇತ್ತು, 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ₹18,000. ನವಿ ಮುಂಬಯಿಯಲ್ಲಿ ಇಂದು ಆ ಸಂಬಳಕ್ಕೆ ಮೇಲ್ವಿಚಾರಕ ಸಿಗುವುದು ಎಲ್ಲಿ? ಹೀಗಾಗಿ ಕಂಪನಿಯ ವಕೀಲರ ಮೊದಲ ಉತ್ತರ ಪಕ್ಷಪಾತ ನಡೆದಿಲ್ಲ ಎಂಬುದಲ್ಲ, ಅರ್ಜಿದಾರರು ಮ್ಯಾನೇಜರ್, ಆದ್ದರಿಂದ ದೂರೇ ನಿಲ್ಲದು ಎಂಬುದು. ಹುದ್ದೆಯ ಹೆಸರು ಉಬ್ಬಿಸುವುದಕ್ಕೆ ಖರ್ಚಿಲ್ಲ, ವಿಸಿಟಿಂಗ್ ಕಾರ್ಡಿನಲ್ಲಿ ‘ಲೀಡ್’ ಎಂದೋ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದೋ ಅಚ್ಚು ಹಾಕಿದರಾಯಿತು. ಈ ಆಟವನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಕಂಡಿವೆ. ಹೆಸರು ಕೇಳಿದರೆ ನಮ್ಮ ಕರಾವಳಿಯವರೇ ಇರಬೇಕೆನ್ನಿಸುವ ಅರ್ಕಳ ಗೋವಿಂದರಾಜ ರಾವ್ ಎಂಬುವರು ಮುಂಬಯಿಯ ಸೀಬಾ ಗೈಗಿ ಕಂಪನಿಯಲ್ಲಿ ‘ಗ್ರೂಪ್ ಲೀಡರ್’ ಆಗಿದ್ದರು. 1985ರಲ್ಲಿ ಸುಪ್ರೀಂ ಕೋರ್ಟ್ ಅವರು ದಿನವಿಡೀ ಮುಖ್ಯವಾಗಿ ಏನು ಮಾಡುತ್ತಿದ್ದರು ಎಂದು ನೋಡಿತು. ಗುಮಾಸ್ತಿಕೆಯ ಕೆಲಸ. ನಡುನಡುವೆ ಒಂದಿಬ್ಬರ ಕೆಲಸ ನೋಡಿಕೊಂಡ ಮಾತ್ರಕ್ಕೆ ಆತ ಮ್ಯಾನೇಜರ್ ಆಗಿಬಿಡುವುದಿಲ್ಲ ಎಂದಿತು. 2015ರಲ್ಲಿ ಟಿಸಿಎಸ್ ಕೆಲಸದಿಂದ ತೆಗೆದ ಐಟಿ ನೌಕರರೊಬ್ಬರ ಪ್ರಕರಣದಲ್ಲಿ ಚೆನ್ನೈನ ಕಾರ್ಮಿಕ ನ್ಯಾಯಾಲಯ 2022ರಲ್ಲಿ ಇದೇ ದಾರಿ ಹಿಡಿದು, ಅವರು ಕೆಲಸಗಾರರೇ, ವಾಪಸು ತೆಗೆದುಕೊಳ್ಳಿ ಎಂದಿತು. ತತ್ತ್ವ ಸರಿಯಾಗಿದೆ. ಆದರೆ ತಾನು ಕೆಲಸಗಾರನೆಂದು ಒಪ್ಪಿಸುವುದಕ್ಕೇ ಏಳು ವರ್ಷ ಹಿಡಿಯುವುದಾದರೆ ಆ ತತ್ತ್ವ ಮಹಾಪೆಯ ಟೀಮ್ ಲೀಡರಿಗೆ ಎಷ್ಟರ ಮಟ್ಟಿಗೆ ಉಪಯೋಗ?

ಠೇಕೇದಾರನ ಮೂಲಕ ಬಂದವರ ಸ್ಥಿತಿ ಇದಕ್ಕಿಂತ ಕಷ್ಟ. 2001ರ ಸಿಪ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಠೇಕೆ ಬರೀ ನೆಪ, ನಾವು ಕಂಪನಿಯದೇ ನೌಕರರು ಎನ್ನುವವರು ಮೊದಲು ಬೇರೆ ವೇದಿಕೆಯಲ್ಲಿ ಅದನ್ನು ಗೆದ್ದು ಬರಬೇಕು, ಆ ಸಂಬಂಧವೇ ವಿವಾದದಲ್ಲಿದ್ದರೆ 1971ರ ಕಾಯ್ದೆಯ ದೂರು ನಡೆಯದು. ಮುಂದಿನ ತೀರ್ಪುಗಳೂ ಇದನ್ನೇ ಗಟ್ಟಿ ಮಾಡಿದವು. ಪರಿಣಾಮ ಊಹಿಸುವುದು ಕಷ್ಟವಲ್ಲ. ಕಂಪನಿ ‘ಇವರು ನಮ್ಮವರಲ್ಲ’ ಎಂದು ಒಂದು ವಾಕ್ಯ ಬರೆದುಕೊಟ್ಟರೆ ಬಾಗಿಲು ಮುಚ್ಚಿತು. ಸಂಬಂಧ ಒಪ್ಪಿದ ಕಡೆ ಇದೇ ಕಾಯ್ದೆ ಏನು ಮಾಡಬಲ್ಲದು ಎಂಬುದಕ್ಕೂ ದಾಖಲೆಯಿದೆ. ಕರ್ನಾಟಕ ಸರ್ಕಾರದ ಹಂಗಾಮಿ ನೌಕರರ ವಿಷಯದಲ್ಲಿ 2006ರಲ್ಲಿ ಬಂದ ಉಮಾದೇವಿ ತೀರ್ಪು ಹಿಂಬಾಗಿಲಿನ ನೇಮಕಾತಿಗೆ ಕಾಯಂ ಮುದ್ರೆ ಒತ್ತುವಂತಿಲ್ಲ ಎಂದು ದೇಶದ ಉದ್ದಕ್ಕೂ ಲಕ್ಷಾಂತರ ಹಂಗಾಮಿಗಳ ಆಸೆಗೆ ತಣ್ಣೀರೆರಚಿತ್ತು. ಮಹಾರಾಷ್ಟ್ರದ ಎಸ್‌ಟಿ ಬಸ್ ನಿಗಮದ ಸ್ವಚ್ಛತಾ ಕೆಲಸಗಾರರ ಪ್ರಕರಣ 2009ರಲ್ಲಿ ಮೇಲೆ ಬಂದಾಗ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪು ಈ ಕಾಯ್ದೆಯಡಿ ಕೈಗಾರಿಕಾ ನ್ಯಾಯಾಲಯಕ್ಕಿರುವ ಅಧಿಕಾರವನ್ನು ಕಿತ್ತುಕೊಂಡಿಲ್ಲ, ಆರನೇ ಕಲಮಿನ ತಪ್ಪು ಮಾಡಿದ ಮಾಲೀಕನಿಗೆ ಕಾಯಂ ಮಾಡೆಂದು ಹೇಳಬಹುದು ಎಂದಿತು. ಬೆಂಗಳೂರಿನಿಂದ ಹೊರಟ ಕಟ್ಟುನಿಟ್ಟು ಮಹಾರಾಷ್ಟ್ರದ ಒಂದು ಪರಿಶಿಷ್ಟದ ಮುಂದೆ ಬಂದು ನಿಂತಿತು.

ಬಾಗಿಲು ಅಗಲಿಸಿ ಎಂದರೆ ಮೊದಲು ಬರುವ ಆಕ್ಷೇಪ ಅರ್ಹತೆಯದು. ಎಲ್ಲರಿಗೂ ಒಂದೇ ಇನ್‌ಕ್ರಿಮೆಂಟ್ ಕೊಡಲಾಗದು, ಚೆನ್ನಾಗಿ ದುಡಿದವರಿಗೆ ಹೆಚ್ಚು ಕೊಡುವುದನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕಲಮಿನೊಳಗೇ ಇದೆ. ಅರ್ಹತೆಯನ್ನು ಲೆಕ್ಕಿಸದ ಪಕ್ಷಪಾತಕ್ಕಷ್ಟೇ ಅದು ಅಡ್ಡಿ. ಅಪ್ರೈಸಲ್ ಪ್ರಾಮಾಣಿಕವಾಗಿದ್ದರೆ ಆ ಕಾಗದವೇ ಕಂಪನಿಯ ಸಾಕ್ಷಿ. ಎರಡನೆಯದು, ಮ್ಯಾನೇಜರುಗಳು ತಮ್ಮ ಕರಾರು ತಾವೇ ಮಾತಾಡಿಕೊಳ್ಳಬಲ್ಲವರು, ಅನ್ಯಾಯವಾದರೆ ಸಿವಿಲ್ ಕೋರ್ಟಿಗೆ ಹೋಗಲಿ ಎಂಬುದು. ಅಲ್ಲಿ ಸಿಗುವುದೇನು? ಖಾಸಗಿ ನೌಕರಿಯ ಕರಾರನ್ನು ಸಿವಿಲ್ ನ್ಯಾಯಾಲಯ ಸಾಮಾನ್ಯವಾಗಿ ಮತ್ತೆ ಜಾರಿ ಮಾಡಿಸುವುದಿಲ್ಲ, ಕೆಲಸ ವಾಪಸು ಕೊಡಿಸುವುದಿಲ್ಲ. ಬಹಳವೆಂದರೆ ಪರಿಹಾರ, ಅದೂ ಹೆಚ್ಚಿನ ಕಡೆ ನೋಟಿಸ್ ಅವಧಿಯ ಸಂಬಳದ ಸುತ್ತಮುತ್ತ ನಿಲ್ಲುತ್ತದೆ. ಬಡ್ತಿಯಲ್ಲಾದ ಪಕ್ಷಪಾತಕ್ಕೆ ಅಲ್ಲಿ ಮದ್ದೇ ಇಲ್ಲ.

ಮೂರನೆಯದು ಬಂಡವಾಳದ ಭಯ: ಕಾನೂನು ಬಿಗಿಯಾದರೆ ಕಂಪನಿಗಳು ಬೇರೆ ರಾಜ್ಯ ನೋಡಿಕೊಳ್ಳುತ್ತವೆ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕರ್ನಾಟಕ ಇದೇ ಭಯದಿಂದ ಐಟಿ ಕಂಪನಿಗಳಿಗೆ, ಕೆಲಸದ ನಿಯಮಗಳನ್ನು ಲಿಖಿತವಾಗಿ ಗೊತ್ತುಪಡಿಸುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತ ಬಂತು, ಆಂತರಿಕ ಸಮಿತಿ, ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮವನ್ನು ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳೊಂದಿಗೆ. ಷರತ್ತು ಪಾಲನೆಯಾಗುತ್ತಿಲ್ಲ ಎಂಬುದು 2017ರಲ್ಲಿ ನೋಂದಣಿಯಾದ ಬೆಂಗಳೂರಿನ ಐಟಿ ನೌಕರರ ಸಂಘ ಕೆಐಟಿಯುವಿನ ಹಳೆಯ ದೂರು. ಮಹಾರಾಷ್ಟ್ರದ ಕಾಯ್ದೆಯಾದರೋ ಜಾರಿಯಲ್ಲಿ ಐವತ್ತು ವರ್ಷ ದಾಟಿದೆ. ಟಿಟಿಸಿ ವಲಯ ರಾಸಾಯನಿಕದಿಂದ ಸಾಫ್ಟ್‌ವೇರಿಗೆ ತಿರುಗಿದ್ದು ಈ ಕಾಯ್ದೆ ಇದ್ದಾಗಲೇ. ಅದನ್ನು ಕಂಡು ಓಡಿಹೋಗುವವರಾಗಿದ್ದರೆ ಗಾಜಿನ ಕಟ್ಟಡಗಳು ಇಲ್ಲಿ ಏಳುತ್ತಲೇ ಇರಲಿಲ್ಲ. ಸುಳ್ಳು ದೂರುಗಳ ಪ್ರವಾಹ ಬಂದೀತೆಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಪಕ್ಷಪಾತವಾಯಿತೆಂದು ತೋರಿಸುವ ಹೊರೆ ದೂರುದಾರನದೇ, ಕಡತಗಳೆಲ್ಲ ಎಚ್‌ಆರ್ ಕಪಾಟಿನಲ್ಲಿ. ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ಸ್ಪಷ್ಟ.

ಎಲ್ಲರನ್ನೂ ಒಳಗೊಳ್ಳುವ ವ್ಯಾಖ್ಯೆ ಬರೆಯುವುದು ಸಾಧ್ಯವೇ ಎಂದು ಕೇಳುವವರು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ತೆರೆದು ನೋಡಲಿ. ಕಾಯಂ, ಹಂಗಾಮಿ, ದಿನಗೂಲಿ, ಠೇಕೇದಾರನ ಮೂಲಕ ಬಂದವರು, ತರಬೇತಿಯಲ್ಲಿರುವವರು, ಅಪ್ರೆಂಟಿಸ್, ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರು, ಎಲ್ಲರೂ ಅದರ ‘ನೌಕರ’ರೇ. ಠೇಕೇದಾರ ಅವರನ್ನು ತಂದದ್ದು ಮೂಲ ಮಾಲೀಕನಿಗೆ ಗೊತ್ತೇ ಇರಲಿಲ್ಲವಾದರೂ ಅಡ್ಡಿಯಿಲ್ಲ ಎಂದು ಅಲ್ಲಿ ಬರೆದಿದೆ. ವೇತನ ಸಂಹಿತೆಯ ‘ನೌಕರ’ ಪದದಲ್ಲೂ ಮ್ಯಾನೇಜರು, ಮೇಲ್ವಿಚಾರಕರು ಸೇರುತ್ತಾರೆ, ಲಿಂಗದ ಕಾರಣಕ್ಕೆ ಸಂಬಳದಲ್ಲಿ ಭೇದ ಮಾಡಬಾರದೆಂಬ ಅದರ ಮೂರನೇ ಕಲಮು ಅವರಿಗೂ ಅನ್ವಯ. ಉದ್ಯೋಗದಲ್ಲಿ ತಾರತಮ್ಯ ಕೂಡದೆಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಗೆ ಭಾರತ 1960ರಲ್ಲೇ ಒಪ್ಪಿಗೆಯ ಮುದ್ರೆ ಒತ್ತಿದೆ. ಖಾಸಗಿ ವಲಯಕ್ಕೂ ಅನ್ವಯಿಸುವ ಸಮಗ್ರ ತಾರತಮ್ಯ ವಿರೋಧಿ ಮಸೂದೆಯೊಂದನ್ನು ಶಶಿ ತರೂರ್ ಖಾಸಗಿ ಸದಸ್ಯರಾಗಿ ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಚರ್ಚೆಯ ಭಾಗ್ಯವಿಲ್ಲದೆ ಬಿದ್ದುಹೋಯಿತು. ದಿಲ್ಲಿಯಿಂದ ಅಂಥದ್ದು ಬರುವವರೆಗೆ ಕಾಯಬೇಕಾದ ಅಗತ್ಯ ಮಹಾರಾಷ್ಟ್ರಕ್ಕಿಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯ ತನ್ನ ಕಾಯ್ದೆಯನ್ನು ತಿದ್ದಬಹುದು. ಕೇಂದ್ರದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯೊಂದಿಗೆ ಹಳೆಯ ಕಾಯ್ದೆಯನ್ನು ಹೇಗೆ ಹೊಂದಿಸಬೇಕೆಂಬ ಚರ್ಚೆ ಹೇಗೂ ಎದ್ದಿದೆ. ನಾಲ್ಕನೇ ಪರಿಶಿಷ್ಟದ ಮಟ್ಟಿಗಾದರೂ ‘ನೌಕರ’ ಎಂದರೆ 2013ರ ಕಾಯ್ದೆಯ ನೌಕರ ಎಂದು ಒಂದು ಸಾಲು ಸೇರಿಸುವುದು, ಸಂಬಂಧ ವಿವಾದದಲ್ಲಿದ್ದರೆ ಅದನ್ನೂ ಅದೇ ಕೈಗಾರಿಕಾ ನ್ಯಾಯಾಲಯ ತೀರ್ಮಾನಿಸಲಿ ಎಂದು ಇನ್ನೊಂದು ಸಾಲು ಬರೆಯುವುದು, ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಸಂಹಿತೆಯ ಹೆಸರಿನಲ್ಲಿ ಈ ಪರಿಶಿಷ್ಟವನ್ನೇ ಕೈಬಿಟ್ಟರೆ ಮಹಾರಾಷ್ಟ್ರ ಐವತ್ತು ವರ್ಷ ಹಿಂದೆ ಹೋಗುತ್ತದೆ.

ಅಲ್ಲಿಯವರೆಗೆ ಇರುವ ಗಡುವುಗಳನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಎಷ್ಟೋ ಪ್ರಕರಣ ಸೋಲುವುದು ಸಾಕ್ಷ್ಯಕ್ಕಿಂತ ಮೊದಲು ತಾರೀಖಿನಲ್ಲಿ. 1971ರ ಕಾಯ್ದೆಯ ದೂರಿಗೆ ಘಟನೆ ನಡೆದ ದಿನದಿಂದ 90 ದಿನ, ತಡವಾದರೆ ಸಮರ್ಥ ಕಾರಣ ಕೊಡಬೇಕು. ಲೈಂಗಿಕ ಕಿರುಕುಳದ ದೂರಿಗೆ ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಕೆಲಸ ಮಾಡುವವರು, ಅಥವಾ ಮಾಲೀಕನ ಮೇಲೆಯೇ ದೂರಿರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಹಾಪೆಯವರಿಗೆ ಅದು ಠಾಣೆ ಜಿಲ್ಲೆಯದು. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಹೊಸ ಸಂಹಿತೆಯ ಪ್ರಕಾರ ಕುಂದುಕೊರತೆ ಸಮಿತಿ ಇರಲೇಬೇಕು, ಅದರಲ್ಲಿ ಅರ್ಧ ಜನ ಕೆಲಸಗಾರರ ಕಡೆಯವರು, ಅಲ್ಲಿಗೆ ಅರ್ಜಿ ಕೊಡಲು ಒಂದು ವರ್ಷ. ವಜಾ ಆದವರು ಸಂಹಿತೆಯಡಿ ನ್ಯಾಯಮಂಡಳಿಗೆ ಹೋಗಲು ಎರಡು ವರ್ಷ. ನೇಮಕಾತಿ ಪತ್ರ, ಸಂಬಳದ ಚೀಟಿ, ಅಪ್ರೈಸಲ್ ಕಾಗದ, ಪಾಳಿಯ ಪಟ್ಟಿ ಇವುಗಳ ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ರಾಜೀನಾಮೆ ಬರೆದುಕೊಡಿ ಎಂದು ಒತ್ತಾಯಿಸಿದರೆ ವಕೀಲರನ್ನೋ ಯೂನಿಯನ್ನಿನವರನ್ನೋ ಕೇಳುವ ಮೊದಲು ಸಹಿ ಹಾಕಬೇಡಿ.